ನಿನ್ನ ಮೈನರ್ ಫಾರ್ಸಿ, ನನ್ನ ಅಬ್ಬಾ

ಮದ್ದೂರು,
ಮಾರ್ಚ್ 1946

ಹನಕೆರೆಯ ಮರಿಸಿದ್ದಯ್ಯನವರ ಮಗ, ಬಿ.ಎ. ಪಾಸಾದ ಪುಟ್ಟರಾಜುವಿಗೆ ಮದ್ದೂರಿನ ಇಸಾಕನ ಸಲಾಮು.

ನಿನ್ನ ಕಾರ್ಡು ಬಂತು. ಪುಣೆಯ ಮಿಲಿಟರಿ ಲೆಕ್ಕದ ಆಫೀಸಿನಲ್ಲಿ ರಜಾ ಸಿಕ್ಕಿದೆ, ಯುಗಾದಿಗೆ ಊರಿಗೆ ಬರುತ್ತೇನೆ, ಹಬ್ಬ ಕಳೆದ ಭಾನುವಾರ ಮದ್ದೂರಿಗೆ ಬಂದು ಮುನ್ಷಿ ಸಾಹೇಬರನ್ನು, ಅಂದರೆ ನನ್ನ ಅಬ್ಬಾರನ್ನು, ನೋಡುತ್ತೇನೆ ಅಂತ ಬರೆದಿದ್ದೀಯೆ. ಕೆಳಗೆ ಒಂಚೂರು ಜಾಗ ಉಳಿದದ್ದಕ್ಕೆ, ‘ಫಾರ್ಸಿಯೆಲ್ಲ ಮರೆತುಹೋಗಿದೆ ಕಣೋ, ಅವರಿಗೆ ಹೇಳಬೇಡ’ ಅಂತ ಬೇರೆ ಸೇರಿಸಿದ್ದೀಯೆ. ನಾಲ್ಕು ವರ್ಷ ಸತ್ತಿದ್ದೀಯೋ ಬದುಕಿದ್ದೀಯೋ ಅಂತ ಒಂದು ಸುದ್ದಿ ಕೊಡದವನು ಈಗ ಬರುತ್ತೇನೆ ಅನ್ನುತ್ತೀಯೆ. ಅಮ್ಮೀ ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಒತ್ತಿಕೊಳ್ಳಲಿಲ್ಲ.

ಈ ಕಾಗದ ಶುರುಮಾಡಿರುವುದು ನೀನು ಬರಬೇಡ ಅಂತ ಹೇಳುವುದಕ್ಕೆ. ಮುಗಿಸುವ ಹೊತ್ತಿಗೆ ಏನು ಹೇಳುತ್ತೇನೋ ನೋಡೋಣ. ಸುತ್ತಿ ಬಳಸಿ ಬರೆಯುವಷ್ಟು ಓದು ನನ್ನದಲ್ಲ, ಎಸ್ಸೆಸ್ಸೆಲ್ಸಿಯಲ್ಲೇ ಎರಡು ಸಲ ಡುಮ್ಕಿ ಹೊಡೆದವನು ನಾನು. ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಇವತ್ತು ನಿನ್ನೆ ಹುಟ್ಟಿದ ಕಿಚ್ಚಲ್ಲ, ನೀನು ಬಿ.ಎ.ಗೆ ಸೇರಿದ ದಿನದಿಂದ ಇರುವುದು. ನಿನ್ನ ಡಿಗ್ರಿ ನನಗೆ ಬೇಡ, ನಿನ್ನ ಪುಣೆ ಬೇಡ, ಇಸ್ತ್ರಿ ಹಾಕಿದ ನಿನ್ನ ಅಂಗಿಯೂ ಬೇಡ. ಮೈನರ್ ಅಂತ ಒಂದು ಸಬ್ಜೆಕ್ಟು ತೆಗೆದುಕೊಂಡೆಯಲ್ಲ, ಅದರ ಜೊತೆಗೆ ನನ್ನ ಅಪ್ಪನನ್ನೂ ತೆಗೆದುಕೊಂಡು ಹೋದೆ. ನನ್ನ ತಕರಾರು ಅಷ್ಟೇ.

ನೆನಪಿದೆಯಾ ಆ ದಿನ? ಇಂಟರ್ ಮುಗಿಸಿ, ಮೈಸೂರಿನಲ್ಲಿ ಬಿ.ಎ.ಗೆ ಅರ್ಜಿ ಹಾಕುವ ಮೊದಲು ನೀನು ಸ್ಟೇಷನ್ ಹತ್ತಿರದ ನನ್ನ ಗ್ಯಾಸ್‌ಲೈಟ್ ಬಾಡಿಗೆ ಅಂಗಡಿಗೆ ಬಂದೆ. ಹೈಸ್ಕೂಲಿಗೆ ಅಂತ ಇಬ್ಬರೂ ಮಂಡ್ಯಕ್ಕೆ ರೈಲಿನಲ್ಲಿ ಹೋಗುತ್ತಿದ್ದೆವಲ್ಲ, ಆಗ ನಾನು ಮದ್ದೂರಿನಲ್ಲಿ ಹತ್ತಿ ಕಿಟಕಿ ಪಕ್ಕ ಟವೆಲ್ ಹಾಸಿ ನಿನಗೆ ಜಾಗ ಹಿಡಿಯುತ್ತಿದ್ದೆ, ನೀನು ಹನಕೆರೆಯಲ್ಲಿ ಗದ್ದೆಯ ಬದುವಿನ ಮೇಲೆ ಓಡಿ ಬಂದು ಹತ್ತುತ್ತಿದ್ದೆ. ಆ ಸಲಿಗೆಯಲ್ಲಿ ನೀನು ಗ್ಯಾಸ್‌ಲೈಟುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಕೇಳಿದೆ:

“ಮೇಜರ್ರು ಲೆಕ್ಕ ಕಣ್ಲಾ. ಅದ್ರ ಜೊತ್ಗೆ ಆರ್ಟ್ಸು ಕಡೆದು ಒಂದು ಮೈನರ್ರು ತಕ್ಕೋಬೇಕಂತೆ. ಚರಿತ್ರೆ ಅಂದ್ರೆ ಇಸ್ವಿ ಬಾಯ್ಪಾಟ ಮಾಡ್ಬೇಕು. ತರ್ಕದ ಮೇಷ್ಟ್ರು ಬಲು ಬಿಗಿಯಂತೆ. ಯಾವ್ದ್ಲಾ ತಕ್ಕೊಳ್ಳಿ?”

ನಾನು ಕೈಯಲ್ಲಿದ್ದ ಬರ್ನರನ್ನು ಊದುತ್ತಾ ತಮಾಷೆಗೆ ಹೇಳಿದೆ: “ಪರ್ಸಿಯನ್ ತಕ್ಕೋ ಓಗ್ಲಾ. ಕ್ಲಾಸಲ್ಲಿ ನಾಕ್ ಜನ ಇರ್ತಾರೆ, ಯಾರ್ನೂ ಫೇಲ್ ಮಾಡಾಕಿಲ್ಲ. ನಮ್ಮಪ್ಪ ಸುಮ್ಕೆ ಕುಂತವ್ರಲ್ಲ ಮನೇಲಿ, ಏಳ್ಕೊಡ್ತಾರೆ ಬುಡು.”

ಇಬ್ಬರೂ ನಕ್ಕೆವು. ಹನಕೆರೆಯ ಕಬ್ಬಿನ ಗದ್ದೆಯ ಹುಡುಗ ಫಾರ್ಸಿ ಓದುವುದು ಅಂದರೆ ನಗದೆ ಏನು ಮಾಡುವುದು? ಆದರೆ ನೀನು ಹೋದವನು ಅದನ್ನೇ ಬರೆಸಿಬಿಟ್ಟೆ. ಸುಲಭ ಅಂತ ಬರೆಸಿದೆ. ಪಾಸಾಗಿಬಿಡಬಹುದು ಅಂತ ಬರೆಸಿದೆ. ಇದನ್ನು ನಾನು ಮರೆಯುವುದಿಲ್ಲ, ನೀನೂ ಮರೆಯಬೇಡ.

ಅಬ್ಬಾ ಯಾರು ಅಂತ ನಿನಗೆ ಗೊತ್ತಿದ್ದದ್ದು ಅರ್ಧ. ಉರ್ದು ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದ ಜಹಾಂಗೀರ್ ಮುನ್ಷಿ ಅಂತ ಊರಿಗೆಲ್ಲ ಗೊತ್ತು. ಉರ್ದು ಅವರಿಗೆ ಅನ್ನ ಕೊಟ್ಟಿತು. ಆದರೆ ಜೀವ ಇಟ್ಟುಕೊಂಡಿದ್ದದ್ದು ಫಾರ್ಸಿಯ ಮೇಲೆ. ಅವರಪ್ಪ, ನನ್ನ ದಾದಾ, ಸುಂದರವಾಗಿ ಅಕ್ಷರ ಬರೆಯುವುದನ್ನೇ ಕಸುಬು ಮಾಡಿಕೊಂಡಿದ್ದವರು. ಮದ್ದೂರಿನಲ್ಲಿ ಫಾರ್ಸಿ ಯಾರಿಗೆ ಬೇಕು? ಇದ್ದ ಒಬ್ಬ ಮಗ ನಾನು. ನನಗೆ ಬಿಸ್ಮಿಲ್ಲಾ ಹೇಳಿಸಿ ಅಕ್ಷರ ಶುರುಮಾಡಿಸಿದ ದಿನ ನಾಲಿಗೆಯ ಮೇಲಿಟ್ಟ ಸಿಹಿಯನ್ನು ಉಗಿದು ಗೂಡ್ಸ್ ರೈಲು ನೋಡಲು ಓಡಿಹೋದೆನಂತೆ. ಅಮ್ಮೀ ಇದನ್ನು ನಗುತ್ತಾ ಹೇಳುತ್ತಾಳೆ, ಅಬ್ಬಾ ಯಾವತ್ತೂ ನಕ್ಕಿದ್ದಿಲ್ಲ. ಎದುರು ಕೂರಿಸಿಕೊಂಡರು, ಬೆರಳ ಗೆಣ್ಣಿಗೆ ಹೊಡೆದರು, ಮಿಠಾಯಿ ಆಸೆ ತೋರಿಸಿದರು. ನನ್ನ ಕಣ್ಣು ಪುಸ್ತಕದ ಮೇಲೆ ನಿಲ್ಲುತ್ತಿರಲಿಲ್ಲ, ದೀಪದ ಬತ್ತಿ ಯಾಕೆ ಹೊಗೆಯಾಡುತ್ತಿದೆ ಅಂತ ನೋಡುತ್ತಿತ್ತು. ಕೊನೆಗೊಂದು ದಿನ, ಹೋಗು, ಏನಾದರೂ ರಿಪೇರಿ ಮಾಡಿಕೊಂಡು ಸಾಯಿ ಅಂತ ಉರ್ದುವಿನಲ್ಲಿ ಹೇಳಿ ಪುಸ್ತಕ ಮುಚ್ಚಿದರು. ಅಲ್ಲಿಂದ ಮುಂದೆ ನಮ್ಮಿಬ್ಬರ ಮಾತು ಊಟ ಆಯಿತಾ, ಸೀಮೆಎಣ್ಣೆ ತಂದೆಯಾ ಅನ್ನುವಷ್ಟಕ್ಕೆ ನಿಂತಿತು.

ಅಂಥ ಮನೆಗೆ ನೀನು ಒಂದು ಭಾನುವಾರ ಬೆಳಿಗ್ಗೆ ಕಬ್ಬಿನ ಗರಿಯಲ್ಲಿ ಸುತ್ತಿದ ಬೆಲ್ಲ ಹಿಡಿದುಕೊಂಡು ಬಂದೆ.

ಅಬ್ಬಾ ಮೊದಲು ನಂಬಲಿಲ್ಲ. “ತಮಾಸೆ ಮಾಡ್ತಿದೀಯೇನಪ್ಪ?” ಅಂತ ಕೇಳಿದರು. ನೀನು ಕಾಲೇಜಿನ ಪುಸ್ತಕ ತೋರಿಸಿದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮುಖದ ಹತ್ತಿರ ಹಿಡಿದರು. ಒಳಗೆ ಹೋಗಿ ಶೇರ್ವಾನಿ ಹಾಕಿಕೊಂಡು ಬಂದರು. ನಿವೃತ್ತರಾದ ಮೇಲೆ ಅವರು ಅದನ್ನು ಈದ್ ದಿನ ಬಿಟ್ಟರೆ ಹಾಕುತ್ತಿರಲಿಲ್ಲ. ಗಿಡ್ಡ ಮೇಜಿನ ಮುಂದೆ ಚಾಪೆ ಹಾಸಿಸಿ ನಿನ್ನನ್ನು ಕೂರಿಸಿ, ನೀನು ತಂದ ಬೆಲ್ಲದಲ್ಲೇ ಒಂದು ಚೂರು ಮುರಿದು ನಿನ್ನ ಬಾಯಿಗಿಟ್ಟರು. ನೀನು ಉಗಿಯಲಿಲ್ಲ, ಚಪ್ಪರಿಸಿಕೊಂಡು ತಿಂದೆ. ನಾನು ಜಗುಲಿಯ ಮೇಲೆ ನಿಂತು ನೋಡುತ್ತಿದ್ದೆ.

ಆಮೇಲೆ ಪ್ರತಿ ಭಾನುವಾರವೂ ನಾನು ಅಂಗಡಿಯ ಕೆಲಸವನ್ನು ಮನೆಯ ಜಗುಲಿಗೇ ತರುತ್ತಿದ್ದೆ. ಮಳವಳ್ಳಿ, ಬೆಳಕವಾಡಿಯ ಮದುವೆಗಳಿಗೆ ಹೋಗಿಬಂದ ಗ್ಯಾಸ್‌ಲೈಟುಗಳನ್ನೆಲ್ಲ ಅಲ್ಲೇ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದೆ. ಕೆಲಸಕ್ಕೆ ಬೆಳಕು ಚೆನ್ನಾಗಿದೆ ಅಂತ ಅಮ್ಮೀಗೆ ಹೇಳಿದೆ. ನಿಜ ಹೇಳಬೇಕೆಂದರೆ ನಿನ್ನ ಮೇಲೆ ಕಣ್ಣಿಡುವುದಕ್ಕೆ. ಮನೆಗೆ ಕಳ್ಳ ಬಂದರೆ ಯಾರಾದರೂ ಬಿಟ್ಟು ಹೋಗುತ್ತಾರೆಯೇ?

ನಿನಗೆ ಗಂಟಲಿನ ಅಕ್ಷರಗಳು ಬರುತ್ತಲೇ ಇರಲಿಲ್ಲ. ಖ ಹೇಳು ಅಂದರೆ ಕಫ ಕಟ್ಟಿದವನ ಹಾಗೆ ಕೆಮ್ಮುತ್ತಿದ್ದೆ. ಅದೇ ತಪ್ಪಿಗೆ ನನ್ನ ಗೆಣ್ಣು ಕೆಂಪಾಗುತ್ತಿತ್ತು. ನಿನಗೆ ಏಟಿಲ್ಲ, ನಗು. “ಇನ್ನೊಂದ್ಸಲ ಏಳ್ಲಾ ಪುಟ್ರಾಜು, ಇನ್ನೊಂದ್ಸಲ” ಅಂತ ಅಬ್ಬಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರಿಗೆ ಅಷ್ಟು ನಗು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮನೆಯೊಳಗೆ ನಮ್ಮ ಮಾತು ಉರ್ದು, ನಿನ್ನ ಜೊತೆ ಅವರ ಮಾತು ಕನ್ನಡ. ಬೈಗುಳವೆಲ್ಲ ಉರ್ದುವಿನಲ್ಲಿ ನನಗೆ ಬಂತು, ಮುದ್ದೆಲ್ಲ ಕನ್ನಡದಲ್ಲಿ ನಿನಗೆ ಹೋಯಿತು. ಪಾಠವನ್ನಂತೂ ಬೀದಿಯ ಕೊನೆಗೆ ಕೇಳಿಸುವ ಹಾಗೆ ಒದರುತ್ತಿದ್ದರು. ನಿನ್ನಂಥ ಶಿಷ್ಯ ಸಿಕ್ಕಿದ್ದಾನೆ ಅಂತ ಜಂಬ ಕೊಚ್ಚಿಕೊಳ್ಳುವುದಕ್ಕೆ ಅಂತಲೇ ನಾನು ತಿಳಿದಿದ್ದೆ.

ಅಮ್ಮೀಯನ್ನೂ ನೀನು ಬಿಡಲಿಲ್ಲ. ನಮ್ಮ ಮನೆಯ ಅಡುಗೆ ನೀನು ತಿನ್ನುವಂತಿರಲಿಲ್ಲ, ಅವಳು ನಿನಗಾಗಿ ಬಾಳೆಹಣ್ಣು, ಎಳನೀರು ತರಿಸಿಡುತ್ತಿದ್ದಳು. ಒಂದು ರಂಜಾನಿನ ಮಾರನೆಯ ದಿನ ಬಂದವನು, “ಬೂಬಮ್ಮ, ಆ ಸಾವ್ಗೆ ಪಾಯ್ಸ ನಂಗೂ ಒಂದೀಟು ಬುಡಿ. ನಮ್ಮಪ್ಪಂಗೆ ಏಳ್ಬ್ಯಾಡಿ” ಅಂದೆ. ಅವಳು ಬಟ್ಟಲು ತುಂಬಾ ಕೊಟ್ಟು, ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಹುಟ್ಟಿದಾಗಿನಿಂದ ಅವಳ ಕೈಯ ಪಾಯಸ ತಿನ್ನುತ್ತಿದ್ದೇನೆ, ಒಂದು ಸಲವೂ ಅತ್ತಿದ್ದಿಲ್ಲ.

ಇನ್ನು ಕಲಮಿನ ವಿಷಯ. ಶಿಂಷಾ ಹೊಳೆಯ ದಡದಿಂದ ಜೊಂಡಿನ ಕಡ್ಡಿ ತಂದು ಲೇಖನಿ ಕೆತ್ತಬೇಕು. ಅಬ್ಬಾರ ಕೈ ಆಗಲೇ ನಡುಗುತ್ತಿತ್ತು. ಅದಕ್ಕೆ ನನ್ನನ್ನು ಕರೆದು ಚಾಕು ಕೊಟ್ಟರು. ನಿನ್ನ ಕಲಮುಗಳನ್ನೆಲ್ಲ ಕೆತ್ತಿದ್ದು ನಾನು, ಗೊತ್ತಾ ನಿನಗೆ? ತುದಿಯನ್ನು ಓರೆಯಾಗಿ ಕತ್ತರಿಸಿ, ನಡುವೆ ಸಣ್ಣ ಸೀಳು ಬಿಡಬೇಕು. ಒಂದು ಸಲ ಬೇಕೆಂದೇ ಸೀಳನ್ನು ಉದ್ದ ಎಳೆದೆ. ಮಸಿಯೆಲ್ಲ ನಿನ್ನ ಬಿಳಿ ಅಂಗಿಯ ಮೇಲೆ ಸುರಿಯಿತು. ಜಗುಲಿಯಲ್ಲಿ ನಾನು ಹಲ್ಲು ಬಿಡುವುದರೊಳಗೆ ಅಬ್ಬಾ ತಮ್ಮ ಶೇರ್ವಾನಿ ಬಿಚ್ಚಿ, “ಇಂಗೇ ರೈಲ್ ಅತ್ತಿದ್ರೆ ಜನ ನಗ್ತಾರೆ” ಅಂತ ನಿನಗೆ ತೊಡಿಸಿ ಕಳಿಸಿದರು. ಅದನ್ನು ಹಾಕಿಕೊಂಡು ನೀನು ನವಾಬನ ಹಾಗೆ ನಮ್ಮ ಬೀದಿಯಲ್ಲಿ ನಡೆದುಹೋದೆ. ಅಂಗಿ ಹಾಳಾದದ್ದಕ್ಕೆ ನನಗೆ ಈಗಲೂ ಬೇಜಾರಿಲ್ಲ, ಶೇರ್ವಾನಿ ಹೋದದ್ದಕ್ಕೆ ಇದೆ.

ನಿನ್ನ ರಿಸಲ್ಟ್ ಬಂದ ದಿನದ ಕಥೆ ನಿನಗೆ ಯಾರೂ ಹೇಳಿರಲಾರರು. ಸ್ಟೇಷನ್ ಎದುರು ಎಳನೀರು ಮಾರುವ ಬೋರಯ್ಯ ನನ್ನ ಅಂಗಡಿಗೆ ಓಡಿಬಂದು, “ಏನ್ಲಾ ಇಸಾಕ, ಪಾಸಾದ್ಯಂತಲ್ಲಾ! ನಿಮ್ಮಪ್ಪ ಪೇಪರ್ ಇಡ್ಕಂಡು ನಮ್ಮುಡ್ಗ ಪಾಸಾದ, ನಮ್ಮುಡ್ಗ ಪಾಸಾದ ಅಂತ ಪೇಟೆಗೆಲ್ಲಾ ಏಳ್ಕಬತ್ತಾವ್ರೆ. ಯಾವಾಗ್ಲಾ ಕಟ್ಟಿದ್ದೆ ಪರೀಕ್ಸೆ?” ಅಂದ. ಅಬ್ಬಾ ಹಿಂದೆಯೇ ಬಂದರು. ನನ್ನ ಅಂಗಡಿಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಪೇಪರಿನಲ್ಲಿ ನಿನ್ನ ನಂಬರನ್ನು ಬೆರಳಿಟ್ಟು ತೋರಿಸಿದರು. ನಾನು ನೋಡಿದೆ. ಸಂತೋಷ ಅಂದೆ. ಅವರು ಹೋದ ಮೇಲೆ ಬೋರಯ್ಯನಿಗೆ, ಅದು ನಾನಲ್ಲ, ಹನಕೆರೆಯವನು ಅಂತ ಬಿಡಿಸಿ ಹೇಳಬೇಕಾಯಿತು. ಅವನು ಪಾಪ ಒಂದು ಎಳನೀರು ಕೆತ್ತಿ ಕೊಟ್ಟು ಹೋದ.

ಆಮೇಲೆ ನೀನು ಪುಣೆಗೆ ಹೋದೆ. ಲೆಕ್ಕ ನಿನಗೆ ಕೆಲಸ ಕೊಡಿಸಿತು. ಮೈನರ್ ಮುಗಿಯಿತು. ನಿನಗೆ ಅದು ಮುಗಿಯುವಂಥದ್ದಾಗಿತ್ತು ಅನ್ನುವುದೇ ನನಗೆ ತಡೆಯಲಾಗದ ಸಂಗತಿ. ಅಬ್ಬಾ ಭಾನುವಾರ ಬೆಳಿಗ್ಗೆ ಚಾಪೆ ಹಾಸಿಸಿ ಮಂಡ್ಯದ ಕಡೆಯಿಂದ ರೈಲು ಕೂಗುವುದನ್ನು ಕೇಳುತ್ತಾ ಕೂತಿರುತ್ತಿದ್ದರು. ಕೂಗು ನಿಂತು, ಜನ ಬೀದಿಯಲ್ಲಿ ಹಾದುಹೋಗಿ, ಬೀದಿ ಮತ್ತೆ ಖಾಲಿಯಾಗುವವರೆಗೂ ಬಾಗಿಲ ಕಡೆ ನೋಡುತ್ತಿದ್ದರು. ‘ಕೆಲಸ ಜಾಸ್ತಿ ಇರುತ್ತೆ ಅವನಿಗೆ’ ಅಂತ ಅಮ್ಮೀಗೆ ಸಮಾಧಾನ ಹೇಳುತ್ತಿದ್ದರು, ಅವಳು ಏನೂ ಕೇಳದಿದ್ದರೂ. ನನಗೆ ನಿನ್ನನ್ನು ಹಿಡಿದು ಬಡಿಯಬೇಕು ಅನ್ನಿಸುತ್ತಿತ್ತು. ನಾನು ಇಷ್ಟು ಆಸೆಪಟ್ಟದ್ದನ್ನು ನೀನು ತೆಗೆದುಕೊಂಡು ಹೋಗಿ ಎಲ್ಲೋ ಮರೆತು ಬಿಟ್ಟಿದ್ದೆ.

ಎರಡು ವರ್ಷದ ಹಿಂದೆ ಅಬ್ಬಾರಿಗೆ ಚಳಿಜ್ವರ ಬಂತು. ಊರಿನಲ್ಲಿ ಅರ್ಧ ಜನ ಕಂಬಳಿ ಹೊದ್ದು ನಡುಗುತ್ತಿದ್ದ ವರ್ಷ ಅದು. ಅದಕ್ಕೆ ಕೊಡುವ ಕ್ವಿನೈನು ಮಾತ್ರೆಯೆಲ್ಲ ಯುದ್ಧದ ಸಿಪಾಯಿಗಳಿಗೆ ಹೋಗಿತ್ತು. ಬದುಕಿ ಎದ್ದರು, ಆದರೆ ಕಣ್ಣಿನ ಮೇಲೆ ಪೊರೆ ಬೆಳೆಯಿತು, ಬುದ್ಧಿ ಮೊದಲಿನ ಹಾಗೆ ಉಳಿಯಲಿಲ್ಲ. ವಾರದ ದಿನಗಳಲ್ಲಿ ಪರವಾಗಿಲ್ಲ. ನನ್ನನ್ನು ಗುರುತಿಸುತ್ತಾರೆ, ಸೀಮೆಎಣ್ಣೆ ವಾಸನೆ ಅಂತ ಬೈಯುತ್ತಾರೆ. ಭಾನುವಾರ ಮಾತ್ರ ಅವರಿಗೆ ಇಸವಿ ತಪ್ಪಿಹೋಗುತ್ತದೆ. ಚಾಪೆ ಹಾಸಲೇಬೇಕು. ಆ ಚಾಪೆಯ ಮೇಲೆ ಯಾರು ಕೂತರೂ ಅವರು ಪುಟ್ಟರಾಜು. ಕಸ ಗುಡಿಸಲು ಕೂತ ಅಮ್ಮೀಗೇ ಒಂದು ದಿನ, “ಓಂವರ್ಕು ಮಾಡ್ಕಬಂದ್ಯೇನ್ಲಾ?” ಅಂತ ಕೇಳಿದ್ದರು. ಅವಳು ನಗಲಾರದೆ ಅಳಲಾರದೆ ಪೊರಕೆ ಬಿಟ್ಟು ಎದ್ದು ಬಂದಳು.

ಹೋದ ವರ್ಷ ಒಂದು ಭಾನುವಾರ ಅವರ ಕೋಣೆಯ ಲಾಂದ್ರದ ಬತ್ತಿ ಸಿಕ್ಕಿಹಾಕಿಕೊಂಡಿತ್ತು. ಬಿಚ್ಚಿ ನೋಡೋಣ ಅಂತ ನಾನು ಯೋಚನೆಯಿಲ್ಲದೆ ಅದೇ ಚಾಪೆಯ ಮೇಲೆ ಕೂತೆ. ಅಬ್ಬಾ ತಲೆ ಎತ್ತಿದರು.

“ಬಂದ್ಯೇನ್ಲಾ ಪುಟ್ರಾಜು? ರೈಲು ತಡವಾಯ್ತಾ?”

ನಾನು ಇಸಾಕ ಅಂತ ಉರ್ದುವಿನಲ್ಲಿ ಹೇಳಬೇಕಾಗಿತ್ತು. ಬಾಯಿ ತೆರೆದೂ ಇದ್ದೆ. ಆದರೆ ಆ ದನಿ ಇದೆಯಲ್ಲ ಪುಟ್ಟರಾಜು, ನೀನು ಮೂರು ವರ್ಷ ಕೇಳಿದ ದನಿ, ಅದು ನನ್ನ ಮುಖಕ್ಕೆ ನೇರವಾಗಿ ಬಂದದ್ದು ಅದೇ ಮೊದಲು. ನಾನು ಏನು ಮಾಡಲಿ ಹೇಳು. “ಊಂ ಸಾಬ್ರೇ, ವಸಿ ತಡವಾಯ್ತು” ಅಂದೆ. ಹೆತ್ತ ಅಪ್ಪನಿಗೆ ಸಾಬ್ರೇ ಅಂದೆ, ಕನ್ನಡದಲ್ಲಿ.

ಅವರು ಒಂದು ಸಾಲು ಹೇಳಿದರು. ನಾನು ತಿರುಗಿ ಹೇಳಿದೆ. ಅದು ನನ್ನ ಬಾಯಲ್ಲಿ ಇತ್ತು, ಜಗುಲಿಯಲ್ಲಿ ಕೂತು ಅಷ್ಟು ದಿನ ಕೇಳಿದ್ದೆನಲ್ಲ. ಅರ್ಥ ಗೊತ್ತಿರಲಿಲ್ಲ, ಸದ್ದು ಗೊತ್ತಿತ್ತು. ಖ ಕೂಡ ಸರಿಯಾಗಿ ಬಂತು, ನಿನ್ನ ಹಾಗೆ ಕೆಮ್ಮಲಿಲ್ಲ. ಅವರಿಗೆ ಆದ ಖುಷಿಗೆ ಮೇಜಿನ ಮೇಲೆ ಕೈಯಾಡಿಸಿ ನನ್ನ ಕೈ ಹುಡುಕಿ ಹಿಡಿದುಕೊಂಡರು. ಸಾಲಿನ ಅರ್ಥ ಬಿಡಿಸಿ ಹೇಳಿದರು. ಹೊಳೆ ದಾಟಲು ನಿಂತವನೊಬ್ಬನ ಮಾತು ಅದು ಅಂತ ನನಗೆ ಆವತ್ತು ತಿಳಿಯಿತು.

ಅಂದಿನಿಂದ ಪ್ರತಿ ಭಾನುವಾರ ನಾನು ಸೋಪು ಹಾಕಿ ಕೈ ತೊಳೆದು, ಒಗೆದ ಅಂಗಿ ಹಾಕಿಕೊಂಡು, ನೀನಾಗಿ ಹೋಗಿ ಕೂರುತ್ತೇನೆ. ನಗು ಬಂದರೆ ನಕ್ಕುಬಿಡು. ಗ್ಯಾಸ್‌ಲೈಟಿನ ಇಸಾಕ ಮೂವತ್ತರ ಹತ್ತಿರ ಬಂದು ಫಾರ್ಸಿ ಓದುತ್ತಿದ್ದಾನೆ, ಅದೂ ಮೈನರ್ ಅಲ್ಲ, ಮೇಜರ್ ಅಲ್ಲ, ಯಾವ ಪರೀಕ್ಷೆಗೂ ಅಲ್ಲ. ನನಗೆ ಅದು ಇಷ್ಟವಾಗಿದೆ. ಮೊದಲೇ ಯಾಕೆ ಇಷ್ಟವಾಗಲಿಲ್ಲ ಅಂತ ಕೇಳಬೇಡ.

ತಮಾಷೆ ಏನು ಗೊತ್ತಾ? ಸೋಮವಾರ ಅಬ್ಬಾ ನನ್ನನ್ನು ಹಿಡಿದು ಉರ್ದುವಿನಲ್ಲಿ ಶುರುಮಾಡುತ್ತಾರೆ. ‘ನಿನ್ನೆ ಪುಟ್ಟರಾಜು ಬಂದಿದ್ದ. ಎಷ್ಟು ಚೆನ್ನಾಗಿ ಒಪ್ಪಿಸಿದ! ಅವನ ಉಗುರಿನಷ್ಟಾದರೂ ನಿನಗೆ ಬಂದಿದ್ದರೆ!’ ನನಗೆ ಮತ್ತೆ ಹೊಟ್ಟೆ ಉರಿಯುತ್ತದೆ. ಒಪ್ಪಿಸಿದವನು ನಾನೇ ಅಂತ ಗೊತ್ತಿದ್ದೂ ಉರಿಯುತ್ತದೆ. ನನ್ನ ಮೇಲೇ ನಾನು ಕರುಬುವ ಹಾಗೆ ಮಾಡಿದವನು ನೀನೊಬ್ಬನೇ.

ಪಾಠ ಮುಗಿದ ಮೇಲೆ ಅವರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. “ಇಸಾಕ ಎಲ್ಲವ್ನೆ?” ನಾನು, “ಅಂಗ್ಡೀಲವ್ನೆ ಸಾಬ್ರೇ” ಅನ್ನುತ್ತೇನೆ. ಅವರು ಊಂ ಅಂತ ಸುಮ್ಮನಾಗುತ್ತಾರೆ. ಸಂಕ್ರಾಂತಿಯ ಆಚೀಚೆ ಒಂದು ಭಾನುವಾರ ಸುಮ್ಮನಾಗಲಿಲ್ಲ. ಬಾಗಿಲ ಕಡೆ ಕಿವಿಗೊಟ್ಟು, ದನಿ ತಗ್ಗಿಸಿ ಹೇಳಿದರು:

“ಬೇಜಾರ್ ಮಾಡ್ಕಬ್ಯಾಡ ಪುಟ್ರಾಜು. ಫಾರ್ಸಿ ಮೈನರ್ರು ಅಂತ ಬಂದೋನಲ್ವಾ ನೀನು? ನಂಗೂ ನೀನು ಮೈನರ್ರೇ ಕಣ್ಲಾ. ನನ್ ಮೇಜರ್ರು ಜಗ್ಲಿ ಮ್ಯಾಲೆ ಕುಂತಿರ್ತಾನೆ. ಒಳಿಕ್ ಕರುದ್ರೆ ಬರಾಕಿಲ್ಲ ಅವ್ನು. ಅದ್ಕೇ ಗಟ್ಟಿಯಾಗ್ ಏಳೋದು ನಾನು. ಒಂದಕ್ಸರನಾದ್ರೂ ಕಿವಿಗ್ ಬೀಳ್ಲಿ ಅಂತ.”

ಅವರು ಮೇಜಿನ ಮೇಲಿದ್ದ ಹಳೆಯ ಕಲಮನ್ನು ಬೆರಳಲ್ಲಿ ಸವರುತ್ತಾ, “ಇದ ಕೆತ್ತಿದ್ದು ಅವ್ನೇ. ನಮ್ಮಪ್ಪನ್ ಕೈ ಇದು. ನಂಗ್ ಬರ್ನಿಲ್ಲ, ಅವನ್ಗ್ ಬಂದದೆ” ಅಂದರು.

“ಅವನ್ಗೆ ಏಳಿದ್ದೀರಾ ಸಾಬ್ರೇ ಇದ್ನ?” ಅಂತ ಹೇಗೋ ಕೇಳಿದೆ.

“ಉಚ್ಚನೇನ್ಲಾ ನೀನು? ಎತ್ತ ಮಕ್ಕಳ್ನ ಎದ್ರುಗೆ ಒಗಳ್ತಾರಾ? ನಜರ್ ತಾಕ್ತದೆ. ಇರೋನು ಅವ್ನೊಬ್ಬ.”

ನಮ್ಮಲ್ಲಿ ಹಾಗೆಯೇ, ನಿಮ್ಮಲ್ಲೂ ಹಾಗೆಯೇ ಇರಬೇಕು. ಸ್ವಂತ ಮಗುವನ್ನು ಮುಖದೆದುರು ಹೊಗಳಿದರೆ ದೃಷ್ಟಿ ತಾಕುತ್ತದೆ ಅನ್ನುತ್ತಾರೆ. ನನಗೆ ದೃಷ್ಟಿ ತಾಕಬಾರದು ಅಂತ ಅವರು ಇಷ್ಟು ವರ್ಷ ಬೈದರು. ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆ ಹಿಡಿದು ನಿಂತೆ. ಅಮ್ಮೀಗೆ ಹೇಳಿದೆ. ಅವಳು, ‘ಯಾರಿಗೆ ಹೇಳಿದರೇನು ಮಗನೇ, ಕೇಳಿದ್ದು ನಿನ್ನ ಕಿವಿ ತಾನೇ?’ ಅಂದಳು. ಅವಳಿಗೆ ಅಷ್ಟು ಸಾಕು. ನನಗೆ ಸಾಲದು. ನನ್ನ ಬಗ್ಗೆ ನನ್ನ ಅಪ್ಪ ಆಡಿದ ಒಂದೇ ಒಂದು ಒಳ್ಳೆಯ ಮಾತು, ಅದನ್ನೂ ನಿನ್ನ ಹೆಸರಿಗೆ ಆಡಿದರು. ಅದನ್ನೂ ನೀನೇ ತೆಗೆದುಕೊಂಡೆ, ಪುಣೆಯಲ್ಲಿ ಕೂತುಕೊಂಡು, ಬರದೆಯೇ.

ಈಗ ನಿನ್ನ ಕಾರ್ಡು. ನೀನು ಬಂದರೆ ಚಾಪೆ ನಿನ್ನದು. ನನ್ನ ಭಾನುವಾರಗಳು ಹೋದವು. ಫಾರ್ಸಿ ಮರೆತ ನಿನ್ನನ್ನು ಅವರು ಇನ್ನೊಂದು ಸಲ ಹೇಳು ಅಂತ ನಗುತ್ತಾ ಕೇಳುತ್ತಾರೆ, ನಾನು ಹೊರಗೆ ನಿಂತಿರುತ್ತೇನೆ. ಅದಕ್ಕೆ ಬರಬೇಡ ಅಂತ ಬರೆಯಲು ಕೂತೆ. ಮಂಡ್ಯದ ಡಾಕ್ಟರು ಬೇರೆ ಅಬ್ಬಾರ ಎದೆ ನೋಡಿ, ಈ ಮಳೆಗಾಲ ದಾಟಿದರೆ ಹೆಚ್ಚು ಅಂದಿದ್ದಾರೆ. ಉಳಿದಿರುವ ಭಾನುವಾರಗಳನ್ನು ನಿನ್ನ ಜೊತೆ ಹಂಚಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆದರೆ ಇಲ್ಲಿಯವರೆಗೆ ಬರೆದ ಮೇಲೆ ಒಂದು ವಿಷಯ ತಲೆಗೆ ಬರುತ್ತಿದೆ, ಬೇಡವೆಂದರೂ ಬರುತ್ತಿದೆ. ಚಾಪೆಯ ಮೇಲೆ ನಾನು ಕೂತಿರುವವರೆಗೆ ಆ ಕೋಣೆಯಲ್ಲಿ ಇಸಾಕ ಇರುವುದಿಲ್ಲ. ಅವರು ಕೇಳುತ್ತಲೇ ಇರುತ್ತಾರೆ, ನಾನೇ ಅವನನ್ನು ಅಂಗಡಿಗೆ ಕಳಿಸುತ್ತಲೇ ಇರುತ್ತೇನೆ. ಅಲ್ಲಿ ನೀನು ಕೂತರೆ ಮಾತ್ರ ನಾನು ನಾನಾಗಿ ಒಳಗೆ ಬರಬಹುದು. ನಿನ್ನ ಹತ್ತಿರ ಇದನ್ನು ಕೇಳಬೇಕಾಗಿ ಬಂತಲ್ಲ ಅಂತ ನನಗೆ ಎಷ್ಟು ಉರಿಯುತ್ತಿದೆ ಗೊತ್ತಾ?

ಬಾ ಪುಟ್ಟರಾಜು. ಹಬ್ಬ ಕಳೆದ ಭಾನುವಾರ ಬೆಳಗಿನ ರೈಲಿಗೆ ಬಾ. ತಪ್ಪುತಪ್ಪಾಗಿ ಏನು ನೆನಪಿದೆಯೋ ಅದನ್ನು ಒಪ್ಪಿಸು, ನಗಿಸು. ಪಾಠ ಮುಗಿದ ಮೇಲೆ ಅವರು ಇಸಾಕ ಎಲ್ಲವ್ನೆ ಅಂತ ಕೇಳುತ್ತಾರೆ. ಅಂಗಡಿಯಲ್ಲಿದ್ದಾನೆ ಅನ್ನಬೇಡ. “ಇಲ್ಲೇ ಅವ್ನೆ ಸಾಬ್ರೇ” ಅನ್ನು. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡು ಕೂತಿರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಒಳಗೆ ಬಂದು ಅವರ ಪಕ್ಕದಲ್ಲಿ ಕೂತು, ಅವರು ಕಲಿಸಿದ ಸಾಲನ್ನು ನನ್ನ ದನಿಯಲ್ಲೇ ಹೇಳುತ್ತೇನೆ. ಅವರು ನನ್ನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಒಂದು ಹೇಳುತ್ತಾರೆ. ಬೈಗುಳವೇ ಇರಬಹುದು. ಇರಲಿ. ಆ ಬೈಗುಳದ ಅರ್ಥ ಈಗ ನನಗೆ ಗೊತ್ತಿದೆ, ನಿನಗೆ ಗೊತ್ತಾಗುವುದಿಲ್ಲ.

ನಿನ್ನ ತಂದೆತಾಯಿಗೆ ನನ್ನ ಸಲಾಮು. ಖುದಾ ನಿನಗೆ ಆಯಸ್ಸು ಕೊಡಲಿ, ಆರೋಗ್ಯ ಕೊಡಲಿ, ನೌಕರಿಯಲ್ಲಿ ಮೇಲೆ ಹತ್ತಿಸಲಿ, ಆದಷ್ಟೂ ಪುಣೆಯ ಕಡೆಯಲ್ಲೇ ಸುಖವಾಗಿ ಇಟ್ಟಿರಲಿ.

ಇಂತಿ,
ಜಹಾಂಗೀರ್ ಮುನ್ಷಿಯವರ ಮಗ
ಇಸಾಕ್